ಬೆಳ್ಯಪ್ಪ ಕಟ್ಟಿ ಹಾಕಿದ ಯಕ್ಷಿ

ಗುತ್ತಿಗಾರಿನ ಬೆಳ್ಯಪ್ಪ ಪುಕ್ಕಲ ಎಂದು ಊರವರು ಹೇಳುತ್ತಿದ್ದದ್ದು ಪೂರ್ತಿ ಸರಿಯಲ್ಲ. ಅವನು ಸಿಕ್ಕಿದ್ದಕ್ಕೆಲ್ಲ ಹೆದರುವವನಲ್ಲ. ಅವನ ಹೆದರಿಕೆಗೆ ಒಂದು ಹೊತ್ತುಗೊತ್ತು ಇತ್ತು. ಬೆಳಗ್ಗೆ ನಾಯಿಗೆ, ಮಧ್ಯಾಹ್ನ ಹಾಲೆಮರಕ್ಕೆ, ಸಂಜೆಯ ಮೇಲೆ ಉಳಿದ ಎಲ್ಲದಕ್ಕೆ. ಕತ್ತಲಾದ ಮೇಲೆ ಹಿತ್ತಲಿಗೆ ಹೋಗಬೇಕಾದರೆ ಹೆಂಡತಿ ನೀಲಾವತಿ ಹೊಸ್ತಿಲಲ್ಲಿ ನಿಂತು ಕೆಮ್ಮುತ್ತಾ ಇರಬೇಕು. ಕೆಮ್ಮು ನಿಂತರೆ ಅವನು ಹೋದ ಕೆಲಸ ಮುಗಿಸದೆ ಓಡಿ ಬರುತ್ತಿದ್ದ.

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿ ನಾಲ್ಕು ವರ್ಷವಾದ ಆ ಮಳೆಗಾಲದಲ್ಲಿ ನೀಲಾವತಿಗೆ ಏಳು ತಿಂಗಳು. ಹಿಂದೆ ಎರಡು ಸಲ ಅಟ್ಟದಿಂದ ಇಳಿಸಿದ ತೊಟ್ಟಿಲು ಹಾಗೆಯೇ ಅಟ್ಟಕ್ಕೆ ಹೋಗಿತ್ತು. ಎರಡು ಸಲವೂ ಹೆರಿಗೆ ಮಾಡಿಸಲು ತಿಳಿದವರು ಬಂದು ಮುಟ್ಟುವಾಗ ಹೊತ್ತು ಮೀರಿತ್ತು. ಆದ್ದರಿಂದ, ಊರಿಗೆ ಸರಕಾರದ ನರ್ಸಮ್ಮ ಬರುತ್ತಾರೆ, ಅವರಿಗೊಂದು ಕೋಣೆ ಬೇಕು ಎಂದು ಪಂಚಾಯತಿನ ಅಧ್ಯಕ್ಷರಾದ ಯಜ್ಞೇಶ್ವರ ಭಟ್ಟರು ಕೇಳಿದಾಗ ಬೆಳ್ಯಪ್ಪ ಎರಡನೆಯ ಮಾತಾಡಲಿಲ್ಲ. ಜಗಲಿಯ ಬದಿಯ ಕೋಣೆಯಲ್ಲಿದ್ದ ನೇಗಿಲು, ಒನಕೆ, ಹರಿದ ಬುಟ್ಟಿಗಳನ್ನೆಲ್ಲ ತಾನೇ ಹೊರಗೆ ಹಾಕಿ, ನೆಲಕ್ಕೆ ಸೆಗಣಿ ಸಾರಿಸಿದ. ಇಷ್ಟು ಬುದ್ಧಿವಂತಿಕೆಯ ಕೆಲಸವನ್ನು ಅವನು ಅದಕ್ಕಿಂತ ಹಿಂದೆ ಮಾಡಿದ್ದಿಲ್ಲ. ಆಮೇಲೆಯೂ ಹೆಚ್ಚು ಮಾಡಲಿಲ್ಲ.

ನರ್ಸಮ್ಮ ಬರುವ ಹಿಂದಿನ ದಿನ ಬೆಳ್ಯಪ್ಪನ ಎಮ್ಮೆ ತಪ್ಪಿಸಿಕೊಂಡಿತು. ಹುಡುಕುತ್ತಾ ಹುಡುಕುತ್ತಾ ಅವನು ಮಳೆನೀರು ಹರಿಯುವ ತೋಡಿನ ಬದಿಯ ಹಾಲೆಮರದ ಹತ್ತಿರ ಬರುವಾಗ ಸೂರ್ಯ ನೆತ್ತಿಯ ಮೇಲಿದ್ದ.

ಆ ಮರದಲ್ಲಿ ಯಕ್ಷಿ ಇದ್ದಾಳೆಂಬುದು ಗುತ್ತಿಗಾರಿನ ಮಕ್ಕಳಿಗೂ ಗೊತ್ತು. ಬಿಳಿ ಸೀರೆ, ಬಿಚ್ಚಿದ ಕೂದಲು. ಮಾತು ಮಲಯಾಳ, ಯಾಕೆಂದರೆ ಅವಳ ತವರು ಆ ಕಡೆ. ನಡು ಮಧ್ಯಾಹ್ನ ಒಬ್ಬನೇ ಬರುವ ಗಂಡಸಿನ ಹತ್ತಿರ ಎಲೆಗೆ ಹಚ್ಚಲು ಸ್ವಲ್ಪ ಸುಣ್ಣ ಕೇಳುತ್ತಾಳೆ. ಬೆರಳಿನಿಂದ ಕೊಟ್ಟರೆ ಬೆರಳು ಹಿಡಿದಳು, ಬೆರಳು ಹಿಡಿದರೆ ನೆತ್ತರು ಕುಡಿದಳು. ಮಾರನೆಯ ದಿನ ಮರದ ಬುಡದಲ್ಲಿ ಉಗುರು ಮತ್ತು ಕೂದಲು ಮಾತ್ರ ಸಿಗುತ್ತವೆ. ಸುಣ್ಣವನ್ನು ಕತ್ತಿಯ ತುದಿಯಲ್ಲಿ ಕೊಟ್ಟವನು ಬದುಕುತ್ತಾನೆ. ಕೊಟ್ಟು ಮರಕ್ಕೆ ಕಬ್ಬಿಣದ ಆಣಿ ಹೊಡೆದವನಿಗೆ ಅವಳು ಕಟ್ಟುಬೀಳುತ್ತಾಳೆ. ಆದರೆ ಅಂಥ ಗಂಡಸು ಗುತ್ತಿಗಾರಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಮರದ ಬೇರಿನ ಮೇಲೆ ಬಿಳಿ ಸೀರೆಯ ಹೆಂಗಸೊಬ್ಬಳು ಕುಳಿತಿದ್ದಳು. ಕೂದಲು ಮಳೆಗೆ ನೆನೆದು ಬಿಚ್ಚಿಕೊಂಡಿತ್ತು. ಪಾದದಿಂದ ನೆತ್ತರು ಇಳಿಯುತ್ತಿತ್ತು. ಅವಳು ತಲೆಯೆತ್ತಿ ಮಲಯಾಳದ ರಾಗದಲ್ಲಿ, "ಸ್ವಲ್ಪ ಸುಣ್ಣ ಉಂಟಾ?" ಎಂದಳು.

ಬೆಳ್ಯಪ್ಪ ಎಲೆ ಅಡಿಕೆಯ ಸಂಚಿಯನ್ನು ಇಡಿಯಾಗಿ ಅವಳ ಕಡೆಗೆ ಎಸೆದು ಓಡಿದ. ಎಮ್ಮೆ ದಾರಿಯಲ್ಲೇ ಸಿಕ್ಕಿತು. ಅವನು ಅದನ್ನೂ ದಾಟಿ ಓಡಿದ.

ನಿಂತದ್ದು ಹೈದರ್ ಬ್ಯಾರಿಯ ಚಾದಂಗಡಿಯಲ್ಲಿ.

"ಯಾರ ನಾಯಿ ಬೆಳ್ಯಪ್ಪಣ್ಣ?" ಎಂದು ಹೈದರ್ ತಣ್ಣಗೆ ಕೇಳಿದ. ಬೆಂಚಿನಲ್ಲಿದ್ದವರೆಲ್ಲ ನಕ್ಕರು.

"ನಾಯಿ ಅಲ್ಲ. ಯಕ್ಷಿ."

ನಗು ಅರ್ಧಕ್ಕೆ ನಿಂತಿತು. ಬೆಳ್ಯಪ್ಪನ ನೆರೆಮನೆಯ ಕುಕ್ಕಪ್ಪ, ಎಲ್ಲವನ್ನೂ ವಿಚಾರಿಸಿಯೇ ನಂಬುವ ಮನುಷ್ಯ, ಬಾಯಿಯ ಎಲೆಯನ್ನು ಒಂದು ಕೆನ್ನೆಗೆ ಒತ್ತಿ ಕೇಳಿದ. "ಸುಣ್ಣ ಕೇಳಿದಳಾ?"

"ಕೇಳಿದಳು."

"ನೀನು ಎಂತ ಮಾಡಿದೆ?"

ನಿಜ ಹೇಳಿದರೆ ಬರುವ ಮಳೆಗಾಲದವರೆಗೆ ನಗುತ್ತಾರೆ ಎಂದು ಬೆಳ್ಯಪ್ಪನಿಗೆ ಗೊತ್ತಿತ್ತು. "ಕೊಟ್ಟೆ," ಎಂದ. "ಕತ್ತಿಯ ತುದಿಯಲ್ಲಿ."

ಹೈದರ್ ಕೇಳದೆಯೇ ಒಂದು ಚಾ ತಂದಿಟ್ಟ. ಬೆಂಚಿನಲ್ಲಿದ್ದವರು ಸರಿದು ಜಾಗ ಮಾಡಿದರು. ಹುಟ್ಟಿದ ಮೇಲೆ ಬೆಳ್ಯಪ್ಪನಿಗೆ ಯಾರೂ ಹೀಗೆ ಜಾಗ ಮಾಡಿದ್ದಿಲ್ಲ. ಬೆಚ್ಚಗಿನ ಮೂಲೆಯಲ್ಲಿಟ್ಟ ಉದ್ದಿನ ಹಿಟ್ಟಿನ ಹಾಗೆ ಅವನ ಮಾತು ಪಾತ್ರೆ ಮೀರಿ ಉಬ್ಬಿತು.

"ಮತ್ತೆ ಮರಕ್ಕೆ ಆಣಿ ಹೊಡೆದು ಅವಳನ್ನು ಕಟ್ಟಿ ಹಾಕಿದೆ."

"ಆಣಿ ಎಲ್ಲಿಂದ?" ಎಂದ ಕುಕ್ಕಪ್ಪ.

"ಸೊಂಟದಲ್ಲಿ ಇತ್ತು."

"ಸುತ್ತಿಗೆ?"

"ಕಲ್ಲು ಸಾಲುದಿಲ್ವಾ ಮಾರಾಯ."

ಕುಕ್ಕಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ನೋಡಲು ಹೊರಟ. ಬೆಳ್ಯಪ್ಪ ಚಾದ ಲೋಟವನ್ನು ತಿರುಗಿಸುತ್ತಾ ಕುಳಿತ. ಎದ್ದು ಹೋಗೋಣವೆಂದರೆ ಮನೆಗೆ ಹೋಗುವ ದಾರಿಯೂ ಆ ಮರದ ಬುಡದಲ್ಲೇ.

ಅರ್ಧ ಗಂಟೆಯಲ್ಲಿ ಕುಕ್ಕಪ್ಪ ಹಿಂದೆ ಬಂದ. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಯಕ್ಷಿ ಕಾಣುದಿಲ್ಲ. ಆಣಿ ಉಂಟು."

"ಉಂಟಾ?" ಎಂದು ಬೆಳ್ಯಪ್ಪನ ಬಾಯಿಯಿಂದ ಜಾರಿತು.

ಹಿಂದಿನ ಚುನಾವಣೆಯಲ್ಲಿ ಯಾರೋ ಆ ಮರಕ್ಕೆ ತಗಡಿನ ಬೋರ್ಡು ಹೊಡೆದಿದ್ದರು. ಬೋರ್ಡು ಯಾರದೋ ಕೋಳಿಗೂಡಿಗೆ ಸೂರಾಗಿ ಹೋಗಿತ್ತು, ಆಣಿ ಉಳಿದಿತ್ತು. ಇದು ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ.

"ನಾಲ್ಕು ಬೆರಳು ಉದ್ದದ್ದು," ಎಂದ ಕುಕ್ಕಪ್ಪ. "ಪೂರಾ ತುಕ್ಕು ಹಿಡಿದಿದೆ."

"ಒಂದು ಗಂಟೆಯಲ್ಲಿ ತುಕ್ಕಾ?" ಎಂದು ಹೈದರ್ ಕೇಳಿದ.

"ಅದನ್ನೇ ನಾನು ಹೇಳುದು ಬ್ಯಾರಿಗಳೇ. ಅವಳ ಶಕ್ತಿ ಎಷ್ಟಿರಬೇಕು ಅಂತ."

ಮಾರನೆಯ ದಿನ ಬೆಳಗ್ಗೆ ಭಟ್ಟರು ಒಂದು ತಗಡಿನ ಪೆಟ್ಟಿಗೆಯನ್ನೂ ಅದರ ಹಿಂದೆ ನರ್ಸಮ್ಮನನ್ನೂ ಜಗಲಿಗೆ ಮುಟ್ಟಿಸಿ, "ಇವರು ಕಾರ್ತ್ಯಾಯಿನಿ, ಮಲಯಾಳದ ಕಡೆಯ ಹೊಸದುರ್ಗದವರು. ಚೆನ್ನಾಗಿ ನೋಡಿಕೊಳ್ಳಿ," ಎಂದು ಅವಸರದಲ್ಲಿ ಹೋದರು. ಬೆಳ್ಯಪ್ಪ ಕಂಬದ ಹಿಂದಿನಿಂದ ನೋಡಿದ. ಬಿಳಿ ಸೀರೆ. ಅದೇ ಮುಖ. ಕಾಲಿಗೆ ಬಟ್ಟೆ ಸುತ್ತಿತ್ತು.

ನರ್ಸಮ್ಮ ಕೈಚೀಲದಿಂದ ಸಂಚಿಯನ್ನು ಹೊರತೆಗೆದು ನೀಲಾವತಿಗೆ ತೋರಿಸಿದರು. "ನಿನ್ನೆ ದಾರಿ ನೋಡಿ ಹೋಗುವ ಅಂತ ಬಂದಿದ್ದೆ. ತೋಡಿನ ಹತ್ತಿರ ಕಾಲಿಗೆ ಇಂಬಳ ಹಿಡಿದು ನೆತ್ತರು ಹೀರಿತು. ಒಂದಲ್ಲ, ಮೂರು. ಸುಣ್ಣ ಹಚ್ಚಿದರೆ ಬಿಟ್ಟು ಬೀಳ್ತದಲ್ಲ, ಹಾಗೆ ಒಬ್ಬರ ಹತ್ತಿರ ಸ್ವಲ್ಪ ಸುಣ್ಣ ಕೇಳಿದೆ. ಅವರು ಎಲೆ, ಅಡಿಕೆ, ಹೊಗೆಸೊಪ್ಪು ಎಲ್ಲ ಕೊಟ್ಟು ಹೋದರು. ಧಾರಾಳ ಜನ ನಿಮ್ಮ ಊರಿನವರು. ಯಾರದ್ದು ಅಂತ ಗೊತ್ತುಂಟಾ?"

"ನನ್ನದಲ್ಲ," ಎಂದು ಕಂಬದ ಹಿಂದಿನಿಂದ ಬೆಳ್ಯಪ್ಪ ಹೇಳಿದ. ಅವನನ್ನು ಯಾರೂ ಕೇಳಿರಲಿಲ್ಲ.

ನೀಲಾವತಿ ಸಂಚಿಯನ್ನು ತಿರುಗಿಸಿ ನೋಡಿದಳು. ಅವಳ ಹಳೆಯ ರವಿಕೆಯ ಬಟ್ಟೆ, ಅವಳದೇ ಹೊಲಿಗೆ. ಹಿಂದಿನ ಸಂಜೆ ಗಂಡ ಯಕ್ಷಿಯನ್ನು ಕಟ್ಟಿದ ಕತೆಯನ್ನು ಎರಡು ಸಲ ಕೇಳಿದ್ದಳು. ಗಂಡನ ಮುಖ ನೋಡಿ, ಸಣ್ಣಗೆ ಒಂದು ಸಲ ಕೆಮ್ಮಿದಳು.

ನರ್ಸಮ್ಮ ಕಾಫಿ ಕುಡಿಯುವುದಕ್ಕೆ ಮೊದಲೇ ನೀಲಾವತಿಯನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದರು. "ಮಗು ಅಡ್ಡ ಉಂಟು," ಎಂದರು. "ಇನ್ನೂ ಸಮಯ ಉಂಟು, ತಿರುಗಬಹುದು. ತಿರುಗದಿದ್ದರೆ ಆ ಹೊತ್ತಿಗೆ ನಾನು ಹತ್ತಿರ ಇರಬೇಕು. ಇದ್ದೇನಲ್ಲ, ಹೆದರುದು ಬೇಡ."

ಬೆಳ್ಯಪ್ಪನಿಗೆ ಆ ಕ್ಷಣದಿಂದ ಹೊಸ ಹೆದರಿಕೆಯೊಂದು ಶುರುವಾಯಿತು. ಇದಕ್ಕೆ ಹೊತ್ತುಗೊತ್ತು ಇರಲಿಲ್ಲ.

ನರ್ಸಮ್ಮನಿಗೆ ಹೆರಿಗೆಯ ಜೊತೆ ಮತ್ತೊಂದು ಕೆಲಸವನ್ನೂ ಕಟ್ಟಿದ್ದರು. ಆಗ ಮಲೇರಿಯಾ ಓಡಿಸುವ ಕಾಲ. ಪ್ರತಿಯೊಬ್ಬರ ಬೆರಳಿಗೆ ಸೂಜಿ ಚುಚ್ಚಿ, ಒಂದು ತೊಟ್ಟು ನೆತ್ತರನ್ನು ಗಾಜಿನ ತುಂಡಿಗೆ ಒರೆಸಿ ಪುತ್ತೂರಿಗೆ ಕಳುಹಿಸಬೇಕು. ಆದರೆ ಅವರ ಕೋಣೆಗೆ ಬರಬೇಕಾದರೆ ಹಾಲೆಮರ ದಾಟಬೇಕು. ಯಕ್ಷಿ ಅಲ್ಲಿ ಕಟ್ಟುಬಿದ್ದು ಸಿಟ್ಟಿನಲ್ಲಿದ್ದಾಳೆ, ಈಚೆ ನೆತ್ತರು ತೆಗೆಯುವ ಸೂಜಿ ಬೇರೆ. ಒಂದು ನೊಣವೂ ಬರಲಿಲ್ಲ. ನರ್ಸಮ್ಮ ಮನೆಮನೆಗೆ ಹೋದರು. ಇವರ ಕೊಡೆ ಕಂಡರೆ ಬಾಗಿಲು ಹಾಕಿಕೊಳ್ಳುತ್ತಿತ್ತು.

ಮೂರು ವಾರದ ಮೇಲೆ ಪುತ್ತೂರಿನಿಂದ ಕಾಗದ ಬಂತು. ತಿಂಗಳೊಳಗೆ ಇನ್ನೂರು ಗಾಜು ಬಾರದಿದ್ದರೆ ಗುತ್ತಿಗಾರಿನ ಕೆಲಸ ನಿಲ್ಲಿಸಿ ನರ್ಸಮ್ಮನನ್ನು ಕಡಬಕ್ಕೆ ಕಳುಹಿಸುತ್ತಾರಂತೆ. ಬೆಳ್ಯಪ್ಪ ಅಂದು ಊಟಕ್ಕೆ ಕುಳಿತು ಅನ್ನವನ್ನು ಕಲಸುತ್ತಲೇ ಇದ್ದ. ನೀಲಾವತಿ ಮಜ್ಜಿಗೆ ಬಡಿಸುತ್ತಾ, "ನೀವು ಕಟ್ಟಿದ ಯಕ್ಷಿ. ನೀವೇ ಬಿಡಿಸಬೇಕು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಕೈ ತೊಳೆದವನೇ ಬೆಳ್ಯಪ್ಪ ಹೈದರನ ಅಂಗಡಿಗೆ ನಡೆದ. ಬೆಂಚು ತುಂಬಿತ್ತು. ಊರಿನ ಎಲ್ಲ ಮಕ್ಕಳ ದೃಷ್ಟಿ ತೆಗೆಯುವ ದುಗ್ಗಮ್ಮಜ್ಜಿ ಬೆಲ್ಲ ತೆಗೆದುಕೊಳ್ಳಲು ಬಂದವರು ಬಾಗಿಲಲ್ಲಿ ಕುಳಿತಿದ್ದರು. ಅವನು ಕಣ್ಣು ಮುಚ್ಚಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. "ಆವತ್ತು ನಾನು ಕಂಡದ್ದು ಯಕ್ಷಿ ಅಲ್ಲ. ನಮ್ಮ ನರ್ಸಮ್ಮ. ನಾನು ಕಟ್ಟಲಿಲ್ಲ, ಓಡಿದ್ದು."

ಹೈದರನ ಹಾಲು ಉಕ್ಕಿ ಒಲೆಗೆ ಬಿತ್ತು.

"ಮರದ ಬುಡದಲ್ಲಿ ಇದ್ದದ್ದು ನರ್ಸಮ್ಮ?" ಎಂದು ಕುಕ್ಕಪ್ಪ ವಿಚಾರಣೆಗೆ ತೊಡಗಿದ.

"ಹೌದು."

"ಕಾಲಿನಲ್ಲಿ ನೆತ್ತರು? ಮಲಯಾಳ ಮಾತು? ಸುಣ್ಣ ಕೇಳಿದ್ದು ಅವರೇ?"

"ಅವರೇ ಮಾರಾಯ. ಇಂಬಳ ಹಿಡಿದಿತ್ತಂತೆ."

"ಈಗ ಇರುದು ನಿನ್ನ ಮನೆಯಲ್ಲಿ?"

"ನಿನಗೆ ಗೊತ್ತಿಲ್ವಾ."

ಕುಕ್ಕಪ್ಪ ದುಗ್ಗಮ್ಮಜ್ಜಿಯ ಮುಖ ನೋಡಿದ. ಅಜ್ಜಿ ಬೆಲ್ಲದ ಪೊಟ್ಟಣವನ್ನು ಮಡಿಲಿಗೆ ಕಟ್ಟಿಕೊಂಡು ನಿಧಾನವಾಗಿ ಹೇಳಿದರು. "ಆಣಿ ಹೊಡೆದ ಮೇಲೆ ಯಕ್ಷಿ ಎಲ್ಲಿಗೆ ಹೋಗ್ತಾಳೆ ಮಕ್ಕಳೇ? ಹೊಡೆದವನ ಜಗಲಿಗೇ ಬರುದು. ಹನ್ನೆರಡು ವರ್ಷ ಸೇವೆ ಮಾಡ್ಬೇಕು. ನಮ್ಮ ಅಜ್ಜಿ ಹೇಳ್ತಿದ್ರು."

"ಅಜ್ಜಿ, ನಾನು ಓಡಿದ್ದು," ಎಂದ ಬೆಳ್ಯಪ್ಪ.

"ಓಡಿದವನ ಮನೆ ಹುಡುಕಿಕೊಂಡು ಅವಳು ಪೆಟ್ಟಿಗೆ ಸಮೇತ ಬಂದಳಾ?"

"ಅವರನ್ನು ಭಟ್ಟರು ಕರಕೊಂಡು ಬಂದದ್ದು."

"ಭಟ್ಟರಿಗೆ ಎಂತ ಗೊತ್ತು ಪಾಪ." ಅಜ್ಜಿ ದನಿ ತಗ್ಗಿಸಿದರು. "ನೋಡಿ ಕಟ್ಟಿದ ಚಂದ. ಕಟ್ಟಿದರೂ ಅವಳ ಹೊಟ್ಟೆಗೆ ಬೇಕಲ್ಲ. ಅದಕ್ಕೆ ಊರಿಗಿಡೀ ತಲೆಗೊಂದು ತೊಟ್ಟು. ಯಾರ ಜೀವವೂ ಹೋಗುದಿಲ್ಲ, ಅವಳ ಹೊಟ್ಟೆಯೂ ತಣ್ಣಗಾಗ್ತದೆ. ಎಂಥ ಕರಾರು ಮಾಡಿದ್ದಿ ಮಗಾ. ನಿನ್ನ ಅಪ್ಪನಿಗೆ ಇಷ್ಟು ತಲೆ ಇರ್ಲಿಲ್ಲ."

ಬೆಳ್ಯಪ್ಪ ಇನ್ನೆರಡು ಸಲ ನಿಜ ಹೇಳಿದ. ಕಟ್ಟಿದವರು ಹಾಗೆಲ್ಲ ಬಾಯಿಬಿಟ್ಟು ಹೇಳಬಾರದು, ಅದಕ್ಕೆ ಸುತ್ತಿ ಬಳಸಿ ಹೇಳುತ್ತಿದ್ದಾನೆ ಎಂದು ಎಲ್ಲರೂ ಗೌರವದಿಂದ ತಲೆಯಾಡಿಸಿದರು.

ಮಾರನೆಯ ದಿನ ಬೆಳಗ್ಗೆ ಜಗಲಿಯಲ್ಲಿ ನಲವತ್ತು ಜನ. ಒಬ್ಬ ಕೊಡದಿದ್ದರೆ ಅವನ ಪಾಲಿಗಾಗಿ ಯಕ್ಷಿ ಬೇರೆಯವರ ಮೇಲೆ ಬೀಳುತ್ತಾಳೆಂಬ ಲೆಕ್ಕ ರಾತ್ರಿ ಬೆಳಗಾಗುವುದರೊಳಗೆ ಎಲ್ಲರ ತಲೆಗೂ ಹೋಗಿತ್ತು. ಕುಕ್ಕಪ್ಪ ಮಾತ್ರ ಸೂಜಿ ಕಂಡು ಹಿಂದೆ ಸರಿದ. ಹೈದರ್ ಅವನ ರಟ್ಟೆ ಹಿಡಿದ.

"ನಿನ್ನ ತೊಟ್ಟು ಯಾರಿಂದ ತೆಗೀಬೇಕು ಕುಕ್ಕಪ್ಪಣ್ಣ? ನನ್ನಿಂದಲಾ? ನನಗೆ ಆರು ಮಕ್ಕಳುಂಟು."

ಮೂರು ಜನ ಹಿಡಿದು ಅವನ ಬೆರಳನ್ನು ಮುಂದೆ ಚಾಚಿದರು. ಮತ್ತೊಬ್ಬಳು, "ನನ್ನ ಅತ್ತೆಗೆ ನಡೀಲಿಕ್ಕೆ ಆಗುದಿಲ್ಲ, ಅವರದ್ದೂ ನನ್ನಿಂದಲೇ ತೆಗೀರಿ," ಎಂದು ಎರಡು ಬೆರಳು ಚಾಚಿದಳು.

"ಹಾಗೆಲ್ಲ ಆಗುದಿಲ್ಲ. ಅವರದ್ದೇ ಬೇಕು. ನಾನೇ ಅಲ್ಲಿಗೆ ಬರ್ತೇನೆ," ಎಂದರು ನರ್ಸಮ್ಮ.

ಎಲ್ಲರೂ ಮುಖಮುಖ ನೋಡಿಕೊಂಡರು. ಎಷ್ಟು ಕಟ್ಟುನಿಟ್ಟು.

ಬೆಳ್ಯಪ್ಪನ ಸರದಿ ಬಂದಾಗ ನೀಲಾವತಿ ಬಾಗಿಲಲ್ಲಿ ನಿಂತು ಕೆಮ್ಮಿದಳು. ಆ ಬಲದ ಮೇಲೆ ಅವನು ತೊಟ್ಟು ಕೊಟ್ಟ. ಕೊಟ್ಟು ಗೋಡೆಗೆ ಒರಗಿ ಸ್ವಲ್ಪ ಹೊತ್ತು ಏನೂ ಕಾಣದೆ ಕುಳಿತ. ಯಕ್ಷಿಯ ಜೊತೆ ಒಳಗೊಳಗೇ ಮಾತಾಡುತ್ತಿದ್ದಾನೆಂದು ಜನ ಸದ್ದು ಮಾಡಲಿಲ್ಲ.

ಸಂಜೆ ನರ್ಸಮ್ಮ ಕೇಳಿದರು. "ಬೆಳ್ಯಪ್ಪಣ್ಣ, ದುಗ್ಗಮ್ಮಜ್ಜಿ ನನ್ನ ಕೈ ಹಿಡಿದು ಉಗುರು ನೋಡಿದರು. ಇನ್ನೊಬ್ಬಳು ಕಾಲು ನೆಲಕ್ಕೆ ತಾಗ್ತದಾ ಅಂತ ಬಗ್ಗಿ ನೋಡಿದಳು. ಎಂತ ವಿಷಯ?"

ಬೆಳ್ಯಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ನರ್ಸಮ್ಮ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ಮರುದಿನ ಬಂದವರಿಗೆಲ್ಲ, "ನಾನು ಯಕ್ಷಿ ಅಲ್ಲ," ಎಂದು ಹೇಳಿಯೂ ನೋಡಿದರು. "ಅಲ್ಲ ಅಲ್ಲ," ಎಂದು ಅವರು ಕೂಡಲೇ ಒಪ್ಪಿ ಬೆರಳು ಚಾಚಿದರು. ಕೊನೆಗೆ ನರ್ಸಮ್ಮ ಸುಮ್ಮನಾದರು. ಜ್ವರದ ಗುಳಿಗೆ ನುಂಗುತ್ತಾರೆ, ಬಸುರಿಯರು ಹೊಟ್ಟೆ ತೋರಿಸುತ್ತಾರೆ, ಮತ್ತೆ ತನ್ನನ್ನು ಏನು ಬೇಕಾದರೂ ಎಂದುಕೊಳ್ಳಲಿ ಎಂದು ನೀಲಾವತಿಯ ಹತ್ತಿರ ಹೇಳಿದರಂತೆ.

ತಿಂಗಳು ಮುಗಿಯುವಾಗ ಮುನ್ನೂರು ಗಾಜು ದಾಟಿತ್ತು. ಬೆಳ್ಯಪ್ಪ ನೆಮ್ಮದಿಯಿಂದ ಎರಡು ಹೊತ್ತು ಉಂಡ. ಮೂರನೆಯ ಹೊತ್ತಿಗೆ ಪುತ್ತೂರಿನ ಜೀಪು ಬಂತು.

ಹೆಲ್ತ್ ಇನ್‌ಸ್ಪೆಕ್ಟರು ರಾಧಾಕೃಷ್ಣ ರಾಯರು ಕಲಿತವರು, ಮೀಸೆಯನ್ನೂ ಅಳತೆಯಿಟ್ಟು ಕತ್ತರಿಸುವವರು. ತೋಡಿನಲ್ಲಿ ನೀರು ಹೆಚ್ಚಿದ್ದರಿಂದ ಜೀಪನ್ನು ಆಚೆ ಬಿಟ್ಟು ಕಾಡಿನೊಳಗಿಂದ ನಡೆದು ಬಂದಿದ್ದರು. ಅವರು ಜಗಲಿಯಲ್ಲಿ ಕುಳಿತು ಪುಸ್ತಕ ನೋಡಿ, "ಇಡೀ ತಾಲೂಕಿನಲ್ಲಿ ಯಾರೂ ಇಷ್ಟು ಮಾಡಿಲ್ಲ," ಎಂದರು. ಅಂಗಳದಲ್ಲಿ ಸೇರಿದ್ದ ಊರವರು ಬೆಳ್ಯಪ್ಪನ ಕಡೆ ನೋಡಿ ಹೆಮ್ಮೆಪಟ್ಟರು.

"ಹಾಗಾಗಿ," ಎಂದರು ರಾಯರು, "ಇಂಥವರು ಕಡಬಕ್ಕೆ ಬೇಕು. ಅಲ್ಲಿ ಒಬ್ಬನೂ ಬೆರಳು ಕೊಡುದಿಲ್ಲ. ಇವತ್ತೇ ನನ್ನ ಜೊತೆ ಹೊರಡಲಿ."

ಕೆಲಸ ಆಗದಿದ್ದರೆ ಕಡಬ, ಆದರೂ ಕಡಬ. ಸರಕಾರದ ಈ ಲೆಕ್ಕ ಬೆಳ್ಯಪ್ಪನಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಒಂದೇ. ನೀಲಾವತಿಗೆ ದಿನ ತುಂಬಿದೆ, ಮಗು ಇನ್ನೂ ಅಡ್ಡ ಇದೆ. ಜೀಪು, ಪ್ಯಾಂಟು, ಮೀಸೆ, ಮೂರಕ್ಕೂ ಹೆದರುವ ಮನುಷ್ಯ ಕಂಬ ಬಿಟ್ಟು ಈಚೆ ಬಂದ.

"ಕಳಿಸ್ಲಿಕ್ಕೆ ಆಗುದಿಲ್ಲ ಸಾರ್."

"ನೀವು ಯಾರು?"

"ಇವಳ ಗಂಡ," ಎಂದು ಬೆಳ್ಯಪ್ಪ ಬಾಗಿಲಲ್ಲಿ ನಿಂತ ನೀಲಾವತಿಯನ್ನು ತೋರಿಸಿದ. ಅವನು ಮಾಡಬಹುದಾದ ಭಾಷಣ ಅಷ್ಟೇ.

ರಾಯರು ನೀಲಾವತಿಯನ್ನು ನೋಡಿದರು. ಮುಖ ಸ್ವಲ್ಪ ಮೆತ್ತಗಾಯಿತು. "ಪಾಪ, ಗೊತ್ತಾಗ್ತದೆ. ಆದರೆ ನಾನು ಒಂದು ಮನೆ ನೋಡಿದರೆ ಆಗ್ತದಾ? ಸರಕಾರದ ಕೆಲಸ ಅಲ್ವಾ?"

ಆಗ ಕುಕ್ಕಪ್ಪ ಮುಂದೆ ಬಂದು ಕೈಮುಗಿದ. "ಸಾರ್, ನಿಮ್ಮ ಒಳ್ಳೆಯದಕ್ಕೆ ಹೇಳುದು. ಅವರ ಕಟ್ಟು ಇರುದು ನಮ್ಮ ಹಾಲೆಮರದಲ್ಲಿ. ಗಡಿ ದಾಟಿದರೆ ಬಿಟ್ಟುಹೋಗ್ತದೆ. ಜೀಪಿನಲ್ಲಿ ಅವರ ಹತ್ತಿರ ಕೂತುಕೊಳ್ಳುದು ಯಾರು, ನೀವಾ?"

ವಿಷಯ ತಿಳಿದಾಗ ರಾಯರು ನಕ್ಕರು. ಕಾಲು ಗಂಟೆ ಅವರಿಗೆ ಸೊಳ್ಳೆ, ಜ್ವರ, ವಿಜ್ಞಾನ ಎಲ್ಲವನ್ನೂ ತಿಳಿಸಿ ಹೇಳಿದರು. ಯಕ್ಷಿ ಎಂಬುದು ಅಜ್ಞಾನವೆಂದರು. ಊರವರು ಸತ್ಯನಾರಾಯಣ ಪೂಜೆಯ ಕತೆ ಕೇಳುವ ಹಾಗೆ ಶ್ರದ್ಧೆಯಿಂದ ಕೇಳಿದರು.

ಅ‌ಷ್ಟರಲ್ಲಿ ನರ್ಸಮ್ಮ ಒಳಗಿನಿಂದ ಬಂದರು. ತಲೆಗೆ ಮಿಂದು ಕೂದಲು ಹರಡಿಕೊಂಡಿದ್ದರು. ರಾಯರ ಬದಿಗೆ ಬಂದವರು ಥಟ್ಟನೆ ನಿಂತು, ಅವರ ಕಾಲರಿನ ಮೇಲೆ ದೃಷ್ಟಿ ನೆಟ್ಟು, ಮೆಲ್ಲಗೆ ಹೇಳಿದರು.

"ಸಾರ್, ನೆತ್ತರು. ಸ್ವಲ್ಪ ಕುತ್ತಿಗೆ ಈಚೆ ಮಾಡಿ."

ಊರವರು ಒಟ್ಟಿಗೆ ಮೂರು ಹೆಜ್ಜೆ ಹಿಂದೆ ಸರಿದರು. ರಾಯರೂ ಸರಿದರು, ಆದರೆ ಅವರ ಹಿಂದೆ ಗೋಡೆ ಇತ್ತು.

"ಅಲ್ಲಾಡಬೇಡಿ ಸಾರ್. ಈಗ ಮುಗೀತದೆ," ಎನ್ನುತ್ತಾ ನರ್ಸಮ್ಮ ಎರಡು ಬೆರಳು ಚಾಚಿದರು.

ಕಾಡಿನ ದಾರಿಯಲ್ಲಿ ರಾಯರ ಕುತ್ತಿಗೆಗೆ ಹತ್ತಿದ್ದ ಇಂಬಳ ಕುಡಿದು ದ್ರಾಕ್ಷಿಯಷ್ಟಾಗಿತ್ತು. ನರ್ಸಮ್ಮ ಅದನ್ನು ಕಿತ್ತು ಅಂಗಳಕ್ಕೆ ಎಸೆದು, ಹತ್ತಿಯಿಂದ ಒರೆಸಿದರು. ಎಲ್ಲರೂ ಅದನ್ನು ನೋಡಿದರು. ರಾಯರೂ ನೋಡಿದರು. ಆದರೆ ಅವರ ಕೈ ಕುತ್ತಿಗೆಯಿಂದ ಇಳಿಯಲಿಲ್ಲ. ಒಂದು ಲೋಟ ನೀರು ಕುಡಿದು, ಹೊರಗೆ ಸೂರ್ಯ ನೆತ್ತಿಗೆ ಬಂದದ್ದನ್ನು ನೋಡಿ, ಇನ್ನೊಂದು ಕೈಯಲ್ಲಿ ಪುಸ್ತಕದಲ್ಲಿ ಬರೆದರು. "ಸ್ಥಳೀಯ ಪರಿಸ್ಥಿತಿಯನ್ನು ಗಮನಿಸಿ ಸದರಿ ನರ್ಸರನ್ನು ಮುಂದಿನ ಆದೇಶದವರೆಗೆ ಇದ್ದಲ್ಲಿಯೇ ಇರಿಸತಕ್ಕದ್ದು."

ಹೋಗುವಾಗ ಅವರು ಹಾಲೆಮರದ ದಾರಿಯಲ್ಲಿ ಹೋಗಲಿಲ್ಲ. ಕುಕ್ಕಪ್ಪ ಗದ್ದೆಯಲ್ಲಿ ಇಳಿಸಿ ದಾಟಿಸಿದ.

ಎಂಟನೆಯ ದಿನ ಬೆಳಗ್ಗೆ ನೀಲಾವತಿಗೆ ನೋವು ಬಂತು. ಬೆಳ್ಯಪ್ಪ ಜಗಲಿಯಲ್ಲಿ ಕುಳಿತ, ಎದ್ದ, ಎಮ್ಮೆಯನ್ನು ಬಿಚ್ಚಿದ, ಮತ್ತೆ ಕಟ್ಟಿದ. ಒಳಗೆ ನರ್ಸಮ್ಮ ಮಗುವನ್ನು ಅಂಗೈಯಿಂದ ಇಷ್ಟಿಷ್ಟೇ ತಿರುಗಿಸುತ್ತಿದ್ದರು. ಆಗಾಗ ಅವರ ದನಿ ಮಾತ್ರ ಕೇಳುತ್ತಿತ್ತು. "ಆಯಿತು ಮೋಳೇ, ಆಯಿತು ಮಗಳೇ, ಇನ್ನು ಸ್ವಲ್ಪ." ಊಟದ ಹೊತ್ತಿಗೆ ಹೆಣ್ಣುಮಗು ಅತ್ತಿತು. ಬೆಳ್ಯಪ್ಪನೂ ಅತ್ತ. ಮಗುವಿಗಿಂತ ಸ್ವಲ್ಪ ಹೆಚ್ಚು ಹೊತ್ತು ಅತ್ತ ಎಂದು ದುಗ್ಗಮ್ಮಜ್ಜಿ ಊರಿಗೆಲ್ಲ ಹೇಳಿದರು.

ಮಗುವಿಗೆ ಇಪ್ಪತ್ತು ದಿನವಾದಾಗ ನರ್ಸಮ್ಮ ಓಣಂ ಹಬ್ಬಕ್ಕೆ ಊರಿಗೆ ಹೋಗಲು ನಾಲ್ಕು ದಿನ ರಜೆ ಕೇಳಿ ಬರೆದರು. ವಾರದೊಳಗೆ ಪುತ್ತೂರಿನಿಂದ ಉತ್ತರ ಬಂತು. ರಾಯರದೇ ಸಹಿ. ನರ್ಸಮ್ಮ ಅದನ್ನು ಜಗಲಿಯಲ್ಲಿ ಎರಡು ಸಲ ಓದಿದರು. "ರಜೆ ಮಂಜೂರು ಮಾಡಲು ಅಡ್ಡಿಯಿಲ್ಲ. ಆದರೆ ಶ್ರೀ ಬೆಳ್ಯಪ್ಪನವರ ಲಿಖಿತ ಒಪ್ಪಿಗೆಯನ್ನು ಅರ್ಜಿಗೆ ಲಗತ್ತಿಸುವುದು."

ಬೆಳ್ಯಪ್ಪ ಕಾಗದ, ಪೆನ್ಸಿಲು ಹಿಡಿದು ಮಧ್ಯಾಹ್ನದವರೆಗೆ ಕುಳಿತ. ಕೊನೆಗೆ ದಪ್ಪ ಅಕ್ಷರದಲ್ಲಿ ಬರೆದ. "ಇವರನ್ನು ನಾಲ್ಕು ದಿನದ ಮಟ್ಟಿಗೆ ಬಿಟ್ಟಿದ್ದೇನೆ."

ಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದ ನೀಲಾವತಿ ಬಗ್ಗಿ ಓದಿದಳು.

"ಐದು ಅಂತ ಹಾಕಿ," ಎಂದಳು. "ಅವರಿಗೂ ಅಮ್ಮ ಇದ್ದಾರಲ್ಲ."

ಬೆಳ್ಯಪ್ಪ ನಾಲ್ಕನ್ನು ಹೊಡೆದು ಐದು ಮಾಡಿ ಸಹಿ ಹಾಕಿದ.